ಗ್ಲಾಸು ಯಾಕ ಹಿಡಕೊಂಡ್ ಕೂತೀರಿ?

ಪ್ರಪಂಚದ ಜನರನ್ನು ಯಾರು ಹೇಗೆ ಬೇಕಾದರೂ ಭಾಗ ಮಾಡಿಕೊಳ್ಳಲಿ, ನಾನು ಮಾತ್ರ ಕೂಗುವವರು ಮತ್ತು ಓಗೊಡುವವರು ಎಂದು ಎರಡೇ ಪಾಲು ಮಾಡಿದ್ದೇನೆ. ನಾನು ಹುಟ್ಟಿನಿಂದಲೇ ಓಗೊಡುವ ಪಾಲಿನವಳು. ಧಾರವಾಡದ ಕಾನ್ವೆಂಟಿನಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತಾಗ ಸಿಸ್ಟರ್ ಬೆನಿಟಾ ಒಂದು ಸಾಲು ಹೇಳುತ್ತಿದ್ದರು. ಎರಡೆರಡು ಜಡೆ ಹಾಕಿಕೊಂಡ ನಾವಷ್ಟೂ ಹುಡುಗಿಯರು ಒಂದೇ ಉಸಿರಿಗೆ ಅದರ ಉತ್ತರ ಹೇಳುತ್ತಿದ್ದೆವು. ಅವರ ಸಾಲಿನ ಅರ್ಥ ತಿಳಿಯುತ್ತಿರಲಿಲ್ಲ, ನಮ್ಮ ಉತ್ತರದ ಅರ್ಥವಂತೂ ಕೇಳಲೇಬೇಡಿ. ಆದರೆ ಎಲ್ಲಿ ಬಾಯಿ ತೆರೆಯಬೇಕು, ಎಲ್ಲಿ ಮುಚ್ಚಬೇಕು ಎಂಬುದರಲ್ಲಿ ನಾನು ಒಮ್ಮೆಯೂ ತಪ್ಪಲಿಲ್ಲ. ಸಂಜೆ ಮನೆಯಲ್ಲಿ ಅಪ್ಪ ಮಂಗಳಾರತಿ ಮುಗಿಸಿ ದೇವರ ಹೆಸರನ್ನು ಎಳೆದು ಕೂಗಿದರೆ ‘ಗೋವಿಂದಾ’ ಎನ್ನುವುದಕ್ಕೂ ನಾನೇ ಮುಂದು. ಮದುವೆಯಾದ ಮೇಲೆ ಅದೇ ವಿದ್ಯೆ ಉಪಯೋಗಕ್ಕೆ ಬಂತು. ನಮ್ಮವರು ಮನೆಯ ಯಾವ ಮೂಲೆಯಿಂದಲಾದರೂ “ಏ, ಕೇಳಿಸ್ತೇನ?” ಎಂದರೆ ಸಾಕು, ಕೇಳಿಸಿದ್ದು ಏನು ಎಂದು ತಿಳಿಯುವ ಮೊದಲೇ ನನ್ನ ಬಾಯಿ “ಬಂದೆ” ಎಂದಿರುತ್ತಿತ್ತು.

ನಮ್ಮವರು ಕೂಗುವ ಪಾಲಿನವರು. ಸಾಧಾರಣ ಕೂಗಲ್ಲ. ಅವರ ದನಿ ಎಂಥದ್ದೆಂದರೆ, ಹುಬ್ಬಳ್ಳಿಯ ಅವರ ಓಣಿಯಲ್ಲಿ ಗಣಪತಿ ಕಳಿಸುವ ದಿನ ಲೌಡ್‌ಸ್ಪೀಕರ್ ಕೆಟ್ಟರೆ ಯಾರೂ ಗಾಬರಿಯಾಗುತ್ತಿರಲಿಲ್ಲವಂತೆ. ಇವರನ್ನು ಗಾಡಿಯ ಮೇಲೆ ಹತ್ತಿಸುತ್ತಿದ್ದರಂತೆ. ಆ ದನಿಯನ್ನು ಕಟ್ಟಿಕೊಂಡು ನಾವು ಅಮೆರಿಕದ ಸ್ಯಾನ್ ಡಿಯೇಗೋ ಬದಿಯ ಪೊವೇ ಎಂಬ ಊರಿಗೆ ಬಂದೆವು. ಇಲ್ಲಿ ಪಕ್ಕದ ಮನೆಯವರು ಸೀನಿದರೂ ಕ್ಷಮೆ ಕೇಳುತ್ತಾರೆ. ಇವರು ಹಿತ್ತಲಲ್ಲಿ ನಿಂತು ಹುಬ್ಬಳ್ಳಿಗೆ ಫೋನು ಮಾಡಿದರೆ, ನಡುವೆ ಫೋನಿನ ಅಗತ್ಯವೇನಿದೆ ಎಂದು ನನಗೆ ಅನ್ನಿಸುತ್ತಿತ್ತು. ಕೆಲಸ ಇಲ್ಲಿಯ ಬಿಸಿನೆಸ್ ಪಾರ್ಕಿನಲ್ಲಿ, ಪ್ರಿಂಟರುಗಳ ಒಳಗೆ ತಿರುಗುವ ಪುಟಾಣಿ ಮೋಟರು ಮಾಡುವ ಒಂದು ಜಪಾನಿ ಕಂಪನಿಯಲ್ಲಿ. ಅಲ್ಲಿ ಮೋಟರಿಗೂ ಮನುಷ್ಯರಿಗೂ ಸದ್ದಿಲ್ಲದೆ ತಿರುಗುವುದೇ ದೊಡ್ಡ ಗುಣ. ಆ ಮೌನಿಗಳ ನಡುವೆ ನಮ್ಮವರು ಹೇಗೆ ಬಾಳ್ವೆ ಮಾಡುತ್ತಾರೋ ಎಂದು ಚಿಂತಿಸುತ್ತಿದ್ದ ನನಗೆ, ಆ ಜನ ವರ್ಷವಿಡೀ ಉಳಿಸಿಟ್ಟ ಸದ್ದನ್ನೆಲ್ಲ ಡಿಸೆಂಬರಿನಲ್ಲಿ ಒಂದೇ ದಿನ ಖರ್ಚು ಮಾಡುತ್ತಾರೆಂಬುದು ಗೊತ್ತಿರಲಿಲ್ಲ.

ಅದನ್ನು ಅವರು ‘ಬೋನೆನ್‌ಕಾಯ್’ ಎನ್ನುತ್ತಾರೆ. ವರ್ಷವನ್ನು ಮರೆಯುವ ಕೂಟ. ನಾವು ಯುಗಾದಿಗೆ ಬೇವು ಬೆಲ್ಲ ತಿಂದು ವರ್ಷವನ್ನು ಬರಮಾಡಿಕೊಳ್ಳುತ್ತೇವೆ, ಅವರು ಕುಡಿದು ಕಳಿಸಿಕೊಡುತ್ತಾರೆ. ನಮ್ಮ ಪೊವೇದವರೂ, ಎರಡು ತಾಸಿನ ದಾರಿಯ ಸ್ಯಾನ್ ಪೀಡ್ರೊ ಬಂದರಿನಲ್ಲಿ ಕಂಪನಿಯ ಕಂಟೇನರ್ ಬಿಡಿಸುವ ಆಫೀಸಿನವರೂ ಹೆಂಡಿರು ಮಕ್ಕಳ ಸಮೇತ ಒಂದು ಶನಿವಾರ ಮಧ್ಯಾಹ್ನ ಬಂದರಿನ ಹತ್ತಿರದ ಜಪಾನಿ ಹೋಟೆಲಿನಲ್ಲಿ ಸೇರುವುದು ಪದ್ಧತಿ. ಮೊದಲ ಸಲ ಹೋದಾಗ ನಾನು ಕಾಂಜೀವರಂ ಸೀರೆಯುಟ್ಟು, ಗಿಡ್ಡ ಮೇಜಿನ ಮುಂದೆ ಚಾಪೆಯ ಮೇಲೆ ಚಕ್ಕಂಬಕ್ಕಲು ಹಾಕಿ ಕೂತೆ. ಅಲ್ಲಿದ್ದವರಲ್ಲಿ ಕಾಲು ನೋಯಿಸಿಕೊಳ್ಳದೆ ಕೂತವಳು ನಾನೊಬ್ಬಳೇ ಎಂಬ ಹೆಮ್ಮೆಯಲ್ಲಿ ಅರ್ಧ ಗಂಟೆ ಕಳೆಯಿತು. ಅಷ್ಟರಲ್ಲಿ ಆ ಪವಾಡ ಶುರುವಾಯಿತು. ಇಡೀ ವರ್ಷ ಸೊಂಟ ಬಗ್ಗಿಸಿ ಮಾತಾಡುವ ಮ್ಯಾನೇಜರ್ ಹಯಾಶಿ-ಸಾನ್, ಎಂದರೆ ಹಯಾಶಿಯವರು, ತಮ್ಮ ಟೈಯನ್ನು ಬಿಚ್ಚಿ ಹಣೆಗೆ ಕಟ್ಟಿಕೊಂಡರು. ಒಬ್ಬ ಎದ್ದು ಕೈಯಲ್ಲಿ ತುಂಬಿದ ಗ್ಲಾಸು ಹಿಡಿದಿದ್ದ ಇನ್ನೊಬ್ಬನ ಹೆಸರು ಕೂಗಿ, ಗ್ಲಾಸು ಯಾಕೆ ಹಿಡಿದುಕೊಂಡಿದ್ದೀಯ ಎಂದು ರಾಗವಾಗಿ ಕೇಳಿದ. ಉತ್ತರ ಅವನಲ್ಲ, ಸುತ್ತಲಿನವರೆಲ್ಲ ಚಪ್ಪಾಳೆ ತಟ್ಟುತ್ತ ಹೇಳಿದರು: ಕುಡಿಯುವುದು ಇನ್ನೂ ಬಾಕಿ ಇದೆಯಲ್ಲ, ಅದಕ್ಕೇ ಹಿಡಿದುಕೊಂಡಿದ್ದಾನೆ. ಹೀಗೆ ಕೂಗಿಸಿಕೊಂಡವನು ಒಂದೇ ಗುಟುಕಿಗೆ ಗ್ಲಾಸು ಬರಿದು ಮಾಡಬೇಕು. ಮುಗಿಯುತ್ತಲೇ ಮತ್ತೊಬ್ಬನ ಹೆಸರು. ನನಗೆ ಭಯವೇನೂ ಆಗಲಿಲ್ಲ. ಕೂಗು, ಉತ್ತರ, ಕೂಗು, ಉತ್ತರ. ಸಿಸ್ಟರ್ ಬೆನಿಟಾ ಒಬ್ಬರು ಇರಲಿಲ್ಲ ಅಷ್ಟೆ.

ನನ್ನ ಪಕ್ಕದಲ್ಲಿ ಹಯಾಶಿಯವರ ಹೆಂಡತಿ ಫುಮಿಕೋ-ಸಾನ್ ಕೂತಿದ್ದರು. ನಮ್ಮಿಬ್ಬರ ಮುಂದೆಯೂ ಊಲಾಂಗ್ ಚಹಾ. ಆಕೆಯ ಇಂಗ್ಲಿಷು ಅಷ್ಟಕ್ಕಷ್ಟೆ, ನನ್ನ ಜಪಾನಿ ಸೊನ್ನೆ. ಆದರೂ ಮೊದಲ ದಿನವೇ ನಮಗೆ ಗೆಳೆತನವಾಯಿತು. ಕಾರಣ ಇಷ್ಟೇ. ಆಕೆ ಗಂಡನ ಬಗ್ಗೆ ಹೇಳುವಾಗಲೆಲ್ಲ ‘ಶುಜಿನ್’ ಎನ್ನುತ್ತಿದ್ದರು. ಹಾಗೆಂದರೆ ಏನು ಎಂದು ಕೇಳಿದರೆ, ಯೋಚಿಸಿ ಯೋಚಿಸಿ, ಮನೆಯ ಒಡೆಯ ಎಂದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಯಜಮಾನರು ಅಲ್ಲಿ ಚಪ್ಪಾಳೆ ತಟ್ಟುತ್ತಿದ್ದಾರೆ, ನಿಮ್ಮ ಯಜಮಾನರು ಟೈ ಕಟ್ಟಿಕೊಂಡು ಕುಣಿಯುತ್ತಿದ್ದಾರೆ ಎಂದು ಇಬ್ಬರೂ ಸೆರಗು, ಕರವಸ್ತ್ರ ಬಾಯಿಗಿಟ್ಟುಕೊಂಡು ನಕ್ಕೆವು.

ಗಂಡನ ಹೆಸರಿನ ವಿಷಯ ಇಲ್ಲಿಯೇ ಹೇಳಿಬಿಡಬೇಕು. ನಮ್ಮ ಅತ್ತೆಯವರು ಮಾವನವರ ಹೆಸರನ್ನು ಸಾಯುವವರೆಗೂ ಬಾಯಿಂದ ಆಡಲಿಲ್ಲ. ಹೆಂಡತಿ ಗಂಡನ ಹೆಸರು ಹಿಡಿದು ಕರೆದರೆ ಕರೆದಷ್ಟೂ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನನ್ನು ಮನೆತುಂಬಿಸಿಕೊಂಡ ವಾರದಲ್ಲೇ ಹೇಳಿಕೊಟ್ಟಿದ್ದರು. ನಾನು ಕಾನ್ವೆಂಟಿನಲ್ಲಿ ಕಲಿತವಳು, ಇಂಥದ್ದನ್ನೆಲ್ಲ ನಂಬುವುದಿಲ್ಲ. ನಂಬುವುದಿಲ್ಲ ಎಂದ ಮಾತ್ರಕ್ಕೆ ಕರೆದುಬಿಡಬೇಕೆಂದೇನೂ ಇಲ್ಲವಲ್ಲ. ಮದುವೆ ಮುಂಜಿವೆಯಲ್ಲಿ ಹೆಂಗಸರು ಸುತ್ತುಗಟ್ಟಿ “ಹೆಸರು ಹೇಳ್ರಿ, ಹೆಸರು ಹೇಳ್ರಿ” ಎಂದು ಪೀಡಿಸಿದಾಗ ಒಡಪಿನಲ್ಲಿ ಮುಚ್ಚಿಟ್ಟು ಹೇಳುವುದಕ್ಕೆ ಮಾತ್ರ ಪರವಾನಗಿ ಉಂಟು. “ಬೆಳ್ಳಿ ಬಟ್ಟಲದಾಗ ಬೆಣ್ಣಿ ಮುದ್ದಿ, ವಸಂತರಾಯರ ಹೆಸರು ಕೇಳೋ ನಿಮಗೆಷ್ಟರೆ ಜಿದ್ದಿ” ಎಂದು ನಾನೂ ಒಂದು ಕಟ್ಟಿಕೊಂಡಿದ್ದೆ. ಅಮೆರಿಕದಲ್ಲಿ ಒಡಪಿನಿಂದ ಕೆಲಸ ಸಾಗುವುದಿಲ್ಲ. ಇನ್ಶೂರೆನ್ಸಿನವರು ಫೋನಿನಲ್ಲಿ ಗಂಡನ ಹೆಸರು ಕೇಳಿದರೆ ನಾನು “ವಿ ಫಾರ್ ವಾಯಲಿನ್, ಎ ಫಾರ್ ಆ್ಯಪಲ್” ಎಂದು ಒಂದೊಂದೇ ಅಕ್ಷರ ಒಪ್ಪಿಸುತ್ತಿದ್ದೆ. ಅಕ್ಷರ ಬಿಡಿಬಿಡಿಯಾಗಿದ್ದರೆ ಆಯುಷ್ಯಕ್ಕೆ ತಾಗುವುದಿಲ್ಲ ಎಂಬುದು, ಬರೆದರೂ ತಾಗುವುದಿಲ್ಲ ಎಂಬುದು, ಶಾಸ್ತ್ರಕ್ಕೆ ನಾನೇ ಮಾಡಿಕೊಂಡ ತಿದ್ದುಪಡಿಗಳು.

ಮತ್ತೆ ಕೂಟಕ್ಕೆ ಬರೋಣ. ನಮ್ಮವರು ಮಾಧ್ವರ ಮನೆಯ ಮಗ, ಬಾಟಲಿಯ ಬೂಚಿನ ವಾಸನೆಯನ್ನೂ ಕಂಡವರಲ್ಲ. ಅವರ ಹೆಸರು ಕೂಗಿದರೆ ಏನು ಗತಿ ಎಂದು ನಾನು ಮೈಯೆಲ್ಲ ಕಣ್ಣಾಗಿ ಕೂತಿದ್ದರೆ, ಅವರು ಅಷ್ಟರಲ್ಲೇ ಒಂದು ಸೂಕ್ಷ್ಮ ಕಂಡುಹಿಡಿದಿದ್ದರು. ಕೂಗುವವನು ಚಪ್ಪಾಳೆ ತಟ್ಟಬೇಕು, ಚಪ್ಪಾಳೆಗೆ ಎರಡೂ ಕೈ ಬೇಕು, ಆದ್ದರಿಂದ ಅವನ ಕೈಯಲ್ಲಿ ಗ್ಲಾಸು ಇರುವುದಿಲ್ಲ. ಎದ್ದು ನಿಂತರು. ಹಯಾಶಿ-ಸಾನ್ ಎಂದು ಗಣಪತಿ ಗಾಡಿಯ ದನಿಯಲ್ಲಿ ಒಂದು ಕೂಗು ಹಾಕಿದರು. ಅಡುಗೆಮನೆಯಿಂದ ಬಾಣಸಿಗ ಹೊರಗೆ ಬಂದು ನೋಡಿದ. ಆ ದಿನದಿಂದ ಆ ಕಂಪನಿಯ ಕೂಗಿನ ಹುದ್ದೆ ನಮ್ಮವರಿಗೆ ಕಾಯಂ ಆಯಿತು. ಹನಿ ಮುಟ್ಟದ ಮನುಷ್ಯ ಎರಡು ಆಫೀಸಿನವರಿಗೆ ಕುಡಿಸತೊಡಗಿದ. ಕೊನೆಯಲ್ಲಿ ಹಯಾಶಿ-ಸಾನ್ ಎದ್ದು ನಿಂತರು, ಎಲ್ಲರೂ ಎದ್ದರು, ಅವರು ‘ಇಯೋ’ ಎಂದು ದನಿ ಎಳೆದರು, ಮತ್ತು ಅಷ್ಟೂ ಜನ ಸೇರಿ ಒಂದೇ ಒಂದು ಚಪ್ಪಾಳೆ ತಟ್ಟಿದರು. ಅಷ್ಟೆ. ಚಪ್ಪಾಳೆಯ ಹಿಂದೆಯೇ ಎಲ್ಲರೂ ಚಪ್ಪಲಿ ಹುಡುಕತೊಡಗಿದರು. ಫುಮಿಕೋ-ಸಾನ್ ನನಗೆ ಬಿಡಿಸಿ ಹೇಳಿದರು: ಆ ಒಂದು ಚಪ್ಪಾಳೆ ಬಿತ್ತೆಂದರೆ ಮುಗಿಯಿತು ಎಂದರ್ಥ. ಅದರ ಮೇಲೆ ಯಾರೂ ಮಾತು ಬೆಳೆಸುವ ಹಾಗಿಲ್ಲ. ನಮ್ಮ ಕಡೆ ಬಾಗಿಲಲ್ಲಿ ನಿಂತು ‘ಬರ್ತೇವ್ರಿ’ ಎಂದ ಮೇಲೆ ಇನ್ನೊಂದು ತಾಸು ಮಾತಾಡುವವರಿಗೆ ಇದನ್ನು ಕಲಿಸಬೇಕು ಎಂದುಕೊಂಡೆ.

ಆಮೇಲೆ ಆ ಕೂಗು ಮನೆಗೆ ಬಂತು. ನನ್ನ ನಿಜವಾದ ಗೋಳು ಅಲ್ಲಿಂದ ಶುರು. ಮುಂದಿನ ಡಿಸೆಂಬರಿಗೆ ತಯಾರಿ ಎಂದು ಇವರು ಸ್ನಾನದ ಮನೆಯಲ್ಲಿ, ಕಾರಿನಲ್ಲಿ, ಗರಾಜಿನಲ್ಲಿ ಅಭ್ಯಾಸ ನಡೆಸಿದರು. ಜಪಾನಿ ಮಾತು ಬಾಯಿಗೆ ಕೂರಲಿಲ್ಲವೆಂದು ಧಾರವಾಡದ ಮಾತಿಗೆ ತಿರುಗಿಸಿಕೊಂಡರು. “ಗ್ಲಾಸು ಯಾಕ ಹಿಡಕೊಂಡ್ ಕೂತಿ?” ಎಂದು ಅವರು ಕೂಗಬೇಕು, “ಕುಡಿಯೋದ್ ಇನ್ನೂ ಬಾಕಿ ಅದ, ಅದಕ ಹಿಡಕೊಂಡ್ ಕೂತೀನಿ” ಎಂದು ನಾನು ಒಲೆಯ ಮುಂದಿನಿಂದ ಹೇಳಬೇಕು. ಹೇಳದಿದ್ದರೆ ಹೇಳುವವರೆಗೂ ಕೂಗುತ್ತಿದ್ದರು. ಮಗಳು ಅನಘಾ ಹಾಲಿನ ಲೋಟ ಮುಂದಿಟ್ಟುಕೊಂಡು ಕೂತರೆ ಈ ಕೂಗು. ಅವಳು ಕಿವಿ ಮುಚ್ಚಿಕೊಂಡು “ಅಮ್ಮಾ, ಪ್ಲೀಸ್ ಮೇಕ್ ಹಿಮ್ ಸ್ಟಾಪ್” ಎನ್ನುತ್ತ ಗಟಗಟ ಕುಡಿದುಬಿಡುತ್ತಿದ್ದಳು. ಯುಗಾದಿಗೆ ಪೊಮೊನಾದಿಂದ ಬರುವ ನಮ್ಮ ಕಡೆಯ ಹುಡುಗರು, ಅಲ್ಲಿ ಎಂ.ಎಸ್. ಮಾಡುವವರು, ಹಾಸ್ಟೆಲಿನ ಹಸಿವು ಹೊತ್ತು ನಮ್ಮ ಮನೆಗೆ ಊಟಕ್ಕೆ ಬಂದರೆ ಅವರ ಹೆಸರು ಹಿಡಿದು ಕೂಗಿ ಸಾರು ಕುಡಿಸುತ್ತಿದ್ದರು. ಹುಡುಗರಿಗೆ ಖುಷಿಯೋ ಖುಷಿ. ನನ್ನ ಬಸಿ ಸಾರಿನ ಪಾತ್ರೆಗೆ ತಳ ಕಾಣಿಸಿದ್ದು ಆ ವರ್ಷಗಳಲ್ಲೇ. “ನಿನ್ನ ಸಾರು ಛಲೋ ಆಗೇದಂತ ತಿಳಕೋಬ್ಯಾಡ, ನನ್ನ ಕೂಗು ಛಲೋ ಅದ” ಎಂದು ಇವರು ಆಮೇಲೆ ನನಗೆ ಹೇಳುತ್ತಿದ್ದರು. ಒಮ್ಮೆ ನನ್ನ ಕೈಯಲ್ಲಿ ಕೂಗಿಸಬೇಕೆಂದು ಹಟ ಹಿಡಿದು ತಾವೇ ಮಜ್ಜಿಗೆಯ ಲೋಟ ಹಿಡಿದು ಕೂತರು. “ನೀ ಕೂಗು. ಹೆಸರ್ ಹಿಡದು ಕೂಗಬೇಕು, ಇಲ್ಲಾಂದ್ರ ಕುಡಿಯೂದಿಲ್ಲ.” ನಾನು, “ಮಜ್ಜಗಿ ಹಂಗ ಇಡ್ರಿ, ನಾಳೆ ಹುಳಿಗೆ ಬರ್ತದ” ಎಂದು ಒಳಗೆ ಹೋದೆ.

ಇಲ್ಲಿಯವರೆಗೆ ನಗುತ್ತ ಬರೆದುಕೊಂಡು ಬಂದೆ. ಇನ್ನು ಸ್ವಲ್ಪ ನಿಧಾನ ಮಾಡಬೇಕು.

ಒಂದು ಚಳಿಗಾಲ ಅವರ ದನಿ ಒಡೆಯಿತು. ಕೂಟದಲ್ಲಿ ಹೆಚ್ಚು ಕೂಗಿದ್ದಕ್ಕೆ ಎಂದು ನಾವೆಲ್ಲ ನಕ್ಕೆವು. ಜ್ಯೇಷ್ಠಮಧು ಕೊಟ್ಟೆ, ಅರಿಸಿನ ಹಾಲು ಕೊಟ್ಟೆ, ಮೆಣಸಿನ ಕಷಾಯ ಕೊಟ್ಟೆ. ಯುಗಾದಿ ಬಂತು, ಹುಡುಗರು ಬಂದರು, ಇವರ ಕೂಗು ತಗಡು ಎಳೆದ ಹಾಗೆ ಬಂತು. ಹುಡುಗರು ಕೂಗಿಲ್ಲದೆಯೇ ಸಾರು ಕುಡಿದರು. ಡಾಕ್ಟರು ಗಂಟಲೊಳಗೆ ಸಣ್ಣ ದೀಪ ಇಳಿಸಿ ನೋಡಿ, ಸಿಗರೇಟು ಎಷ್ಟು, ಕುಡಿತ ಎಷ್ಟು ಎಂದು ಕೇಳಿದರು. ಇವರು ಅದೇ ಒಡಕು ದನಿಯಲ್ಲಿ, “ನಾನು ಕುಡಿಸುತ್ತೇನೆ, ಕುಡಿಯುವುದಿಲ್ಲ” ಎಂದರು. ಡಾಕ್ಟರು ನಗಲಿಲ್ಲ. ಡಾಕ್ಟರು ನಗದಿದ್ದಾಗ ನನಗೆ ಅರ್ಧ ತಿಳಿಯಿತು. ಉಳಿದರ್ಧವನ್ನು ಅವರು ಮುಂದಿನ ವಾರ ತಾವೇ ಹೇಳಿದರು. ದನಿಯ ಪೆಟ್ಟಿಗೆಯನ್ನೇ ತೆಗೆಯಬೇಕು. ತೆಗೆದರೆ ಜೀವ ಉಳಿಯಬಹುದು. ಎಷ್ಟು ಕಾಲ ಎಂಬುದಕ್ಕೆ, ನೋಡೋಣ, ಆಗಾಗ ಸ್ಕ್ಯಾನ್ ಮಾಡುತ್ತಿರೋಣ ಎಂದರು. ಆಸ್ಪತ್ರೆಯ ಕೌಂಟರಿನಲ್ಲಿ ರೋಗಿಯ ಹೆಸರು ಕೇಳಿದಾಗ ನಾನು ಎಂದಿನಂತೆ ವಾಯಲಿನ್‌ನಿಂದ ಶುರು ಮಾಡಿ ಆ್ಯಪಲ್‌ವರೆಗೆ ಬಂದೆ. ಮುಂದೆ ಬಾಯಿ ಬರಲಿಲ್ಲ. ಇವರೇ ಹಿಂದಿನಿಂದ ತಮ್ಮ ಹೆಸರು ಪೂರ್ತಿ ಹೇಳಿದರು. ಅವರ ದನಿಯಲ್ಲಿ ನಾನು ಕೇಳಿದ ಕಡೆಯ ಮಾತುಗಳಲ್ಲಿ ಅದೂ ಒಂದು.

ಮನೆಗೆ ಬಂದದ್ದು ಕೊರಳಲ್ಲಿ ಒಂದು ಸಣ್ಣ ರಂಧ್ರ ಇಟ್ಟುಕೊಂಡು. ಉಸಿರು ಅಲ್ಲಿಂದಲೇ ಹೋಗಬೇಕು, ಅಲ್ಲಿಂದಲೇ ಬರಬೇಕು. ಮೂಗಿಗೆ ಗಾಳಿ ಹೋಗದೆ ವಾಸನೆಯೂ ಹೊರಟುಹೋಯಿತು. ಇಂಗಿನ ಒಗ್ಗರಣೆ ಹಾಕಿದರೆ ಮೊದಲೆಲ್ಲ ಗರಾಜಿನಿಂದಲೇ “ಏನದ ಇವತ್ತ?” ಎನ್ನುತ್ತಿದ್ದವರು ಈಗ ತಟ್ಟೆ ನೋಡಿ ತಿಳಿದುಕೊಳ್ಳುತ್ತಿದ್ದರು. ಕೊರಳಿಗೆ ಒತ್ತಿ ಹಿಡಿದರೆ ಮಾತು ಹೊರಡಿಸುವ ಒಂದು ಯಂತ್ರ ಕೊಟ್ಟಿದ್ದರು. ಒಂದೇ ಶ್ರುತಿ, ಜೀರುಂಡೆಯ ಹಾಗೆ. ಅದರಲ್ಲಿ ಅವರು ಮೊದಲು ಕರೆದದ್ದು ಮಗಳನ್ನು. ಅನಘಾ ಮೊದಲು ನಕ್ಕಳು, ಆಮೇಲೆ ಅವಳ ಮುಖ ಹೇಗೋ ಆಗಿ, ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವರು ಆ ಯಂತ್ರವನ್ನು ಡ್ರಾಯರಿನಲ್ಲಿಟ್ಟರು. ಮತ್ತೆ ತೆಗೆಯಲಿಲ್ಲ. ಅವಳು ಚಿಕ್ಕವಳಿದ್ದಾಗ ಆಡುತ್ತಿದ್ದ, ಬರೆದು ಹಾಳೆ ಎತ್ತಿದರೆ ಅಳಿಸಿಹೋಗುವ ಸ್ಲೇಟನ್ನು ಅವಳೇ ಹುಡುಕಿ ತಂದುಕೊಟ್ಟಳು. ಗಣಪತಿ ಗಾಡಿಯ ದನಿ ಆ ಗುಲಾಬಿ ಬಣ್ಣದ ಸ್ಲೇಟಿಗೆ ಇಳಿಯಿತು.

ಓಗೊಡುವವರ ಕಷ್ಟ ಯಾರೂ ಬರೆದಿಲ್ಲ. ಕೂಗು ನಿಂತರೆ ಕೂಗುವವರಿಗೆ ಏನಾಗುತ್ತದೆಂದು ಎಲ್ಲರೂ ಕೇಳಿದರು, ಕೇಳಬೇಕಾದದ್ದೇ. ಓಗೊಡುವವಳು ಏನು ಮಾಡಬೇಕು? ನಾನು ಅಡುಗೆಮನೆಯಲ್ಲಿ ನಿಂತು, ಯಾರೂ ಕರೆಯದಿದ್ದರೂ “ಬಂದೆ” ಎಂದು ಹೊರಗೆ ಬಂದು ನೋಡುತ್ತಿದ್ದೆ. ಇವರು ತಲೆ ಎತ್ತಿ, ಏನು ಎಂದು ಹುಬ್ಬು ಹಾರಿಸುತ್ತಿದ್ದರು. ಏನಿಲ್ಲ ಎಂದು ಒಳಗೆ ಹೋಗುತ್ತಿದ್ದೆ. ಆಫೀಸಿನವರು ಮನೆಯಿಂದಲೇ ಡ್ರಾಯಿಂಗ್ ನೋಡುವ ಕೆಲಸ ಕೊಟ್ಟಿದ್ದರು. ಅದು ಇನ್ನೂ ಕೆಟ್ಟದ್ದಾಯಿತು. ಹಿಂದಿನ ಕೋಣೆಯಲ್ಲಿ ಪರದೆ ಎಳೆದುಕೊಂಡು ಕೂತರೆಂದರೆ ಊಟಕ್ಕೆ ಮಾತ್ರ ಹೊರಗೆ. ಯಾರ ಮನೆಗೂ ಬರಲೊಲ್ಲರು, ಯಾರು ಬಂದರೂ ನಿದ್ದೆ ಹೋದಂತೆ ಮಲಗಿಬಿಡುವರು. ಪೊಮೊನಾದ ಹುಡುಗರು ಫೋನು ಮಾಡುವುದನ್ನು ನಿಲ್ಲಿಸಿದರು. ಒಂದು ದಿನ ಸ್ಲೇಟಿನಲ್ಲಿ, “ಕೆಲಸಾ ಬಿಡ್ತೀನಿ. ಇನ್ನ ಹೊರಗ ಹೋಗೂದಿಲ್ಲ” ಎಂದು ಬರೆದು ತೋರಿಸಿ, ನಾನು ಬಾಯಿ ತೆರೆಯುವ ಮೊದಲೇ ಹಾಳೆ ಎತ್ತಿದರು. ನಾನು ಓದಿಬಿಟ್ಟಿದ್ದೆ. ಡಾಕ್ಟರು ಉಳಿಸಿಕೊಟ್ಟದ್ದನ್ನು ಈ ಮನುಷ್ಯ ಹಿಂದಿನ ಕೋಣೆಯಲ್ಲಿ ಮುಚ್ಚಿಡುತ್ತಾರಲ್ಲ ಎಂಬ ಸಂಕಟಕ್ಕೆ ಅವತ್ತು ನನ್ನ ಸಾರಿಗೆ ಉಪ್ಪೇ ಬೀಳಲಿಲ್ಲ. ಯಾರೂ ಹೇಳಲಿಲ್ಲ. ಹೇಳುವವರಿಗೆ ದನಿ ಇರಲಿಲ್ಲ, ದನಿ ಇದ್ದ ಮಗಳಿಗೆ ಮನಸ್ಸಿರಲಿಲ್ಲ.

ಡಿಸೆಂಬರ್ ಬಂತು. ಹಯಾಶಿ-ಸಾನ್ ಮತ್ತು ಫುಮಿಕೋ-ಸಾನ್ ಬಟ್ಟೆಯಲ್ಲಿ ಸುತ್ತಿದ ಕಿತ್ತಳೆ ಪೆಟ್ಟಿಗೆ ಹಿಡಿದು ಮನೆಗೆ ಬಂದರು. ಇವರಿಗೆ ಮಲಗಲು ಸಮಯ ಸಿಗಲಿಲ್ಲ, ಸಿಕ್ಕಿಬಿದ್ದರು. ಹಯಾಶಿ-ಸಾನ್ ಸೋಫಾದ ತುದಿಯಲ್ಲಿ ಕೂತು, ಮಂಡಿಯ ಮೇಲೆ ಕೈಯಿಟ್ಟುಕೊಂಡು, “ಈ ಸಲವೂ ನೀವು ಬರಬೇಕು” ಎಂದರು. ಇವರು ತಲೆಯಲ್ಲಾಡಿಸಿದರು. “ನಿಮಗೆ ಕಷ್ಟವಾಗದ ಹಾಗೆ ಎಲ್ಲರೂ ಮಾತಾಡಿಕೊಂಡಿದ್ದೇವೆ. ಈ ವರ್ಷ ಯಾರೂ ಕೂಗುವುದಿಲ್ಲ. ಸದ್ದಿಲ್ಲದೆ ಊಟ ಮಾಡೋಣ.” ಫುಮಿಕೋ-ಸಾನ್ ನನ್ನ ಕಡೆ ನೋಡಿ ಕಣ್ಣಲ್ಲೇ ಕ್ಷಮೆ ಕೇಳಿದರು. ಅವರು ಹೋದ ಮೇಲೆ ಇವರು ಸ್ಲೇಟು ತೆಗೆದುಕೊಂಡು ಎಷ್ಟು ಒತ್ತಿ ಬರೆದರೆಂದರೆ ಕಡ್ಡಿಯ ತುದಿ ಮುರಿಯಿತು.

“ನನ್ನ ಸಲುವಾಗಿ ಎಲ್ಲಾರೂ ಸುಮ್ಮ ಕೂತು ಉಂಡ್ರ ಅದು ಪಾರ್ಟಿ ಅಲ್ಲ, ತಿಥಿ ಊಟ.”

“ಮತ್ತೇನ್ ಮಾಡೂಣು?” ಎಂದೆ.

“ಹೋಗೂಣು. ನಾ ಇದ್ದಾಗ್ಲೇ ನನ್ನ ತಿಥಿ ಮಾಡಬ್ಯಾಡ್ರಿ ಅಂತ ಹೇಳಿ ಬರೂಣು.”

ಸಿಟ್ಟಿನಿಂದಾದರೂ ಸರಿ, ಮನುಷ್ಯ ಕೋಣೆ ಬಿಟ್ಟು ಹೊರಟರಲ್ಲ ಎಂದು ನಾನು ಕಿತ್ತಳೆ ಹಣ್ಣನ್ನು ದೇವರ ಮುಂದಿಟ್ಟೆ. ಫ್ರೀವೇಯಲ್ಲಿ ಅಷ್ಟು ದೂರ ಡ್ರೈವ್ ಮಾಡಿದ್ದು ನಾನೇ. ನನ್ನ ಡ್ರೈವಿಂಗ್ ಎಂದರೆ ಬಲಗಡೆಯ ಲೇನು ಹಿಡಿದು ಲಾರಿಗಳ ಹಿಂದೆ ನಡೆದುಕೊಂಡು ಹೋದಂತೆ. ಮೊದಲಾಗಿದ್ದರೆ ಇವರು “ಎತ್ತಿನ ಗಾಡಿ ಹೊಡೀಲಿಕತ್ತೀಯೇನ?” ಎಂದು ಕೂಗುತ್ತಿದ್ದರು. ಆ ದಿನ ಆ ಬೈಗುಳಕ್ಕಾಗಿ ಸ್ಯಾನ್ ಪೀಡ್ರೊವರೆಗೂ ಕಾದೆ. ಹಿಂದಿನ ಸೀಟಿನಲ್ಲಿ ಅನಘಾ ಕಿವಿಗೆ ವೈರು ಹಾಕಿಕೊಂಡು ಕೂತಿದ್ದಳು, ಆದರೆ ವೈರಿನ ಇನ್ನೊಂದು ತುದಿ ಫೋನಿಗೆ ಸಿಕ್ಕಿಸಿರಲಿಲ್ಲ, ಕನ್ನಡಿಯಲ್ಲಿ ನೋಡಿದೆ.

ತಿಥಿ ಊಟ ಎಂದು ಇವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಎಲ್ಲರೂ ಗೋಡೆಗುಂಟ ಕೂತಿದ್ದರು. ಹಯಾಶಿ-ಸಾನ್‌ರ ಟೈ ಕೊರಳಲ್ಲೇ ಇತ್ತು. ಕುಡಿಯುವ ಮೊದಲು ಹೇಳುವ ‘ಕಾಂಪಾಯ್’ ಹೇಳಿದರು, ಗ್ಲಾಸುಗಳನ್ನು ತುಟಿಗೆ ತಾಗಿಸಿ ಇಳಿಸಿದರು. ಆಮೇಲೆ ತುಂಬಿದ ಗ್ಲಾಸುಗಳನ್ನು ಕೈಯಲ್ಲಿ ಹಿಡಿದುಕೊಂಡು, ಹವೆಯ ಬಗ್ಗೆ, ಬಂದರಿನಲ್ಲಿ ತಡವಾದ ಹಡಗಿನ ಬಗ್ಗೆ ಪಿಸುಪಿಸು ಮಾತಾಡಿದರು. ಇವರ ಕಡೆ ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಎಷ್ಟು ಪ್ರಯಾಸಪಟ್ಟು ನೋಡದೆ ಇದ್ದರೆಂದರೆ, ಅದನ್ನು ನನಗೇ ತಡೆಯಲಾಗಲಿಲ್ಲ. ಇವರು ಊಟದ ಕಡ್ಡಿ ತೆಗೆದುಕೊಂಡು ತಟ್ಟೆಯ ಅಂಚಿಗೆ ಆ ಹಳೆಯ ತಾಳ ಬಾರಿಸಿದರು. ಕೆಲವರು ತಲೆ ಎತ್ತಿದರು. ಇವರು ಹಯಾಶಿ-ಸಾನ್ ಕಡೆ ಕೈಮಾಡಿ, ಕೂಗಿ ಎಂದು ಸನ್ನೆ ಮಾಡಿದರು. ಹಯಾಶಿ-ಸಾನ್ ಬಾಯಿ ತೆರೆದರು, ದನಿ ಬರಲಿಲ್ಲ, ತಲೆ ತಗ್ಗಿಸಿಬಿಟ್ಟರು. ಇವರು ಕಡ್ಡಿ ಕೆಳಗಿಟ್ಟರು. ಮುಖದ ಮೇಲೆ ಹಿಂದಿನ ಕೋಣೆಯ ಪರದೆ ಇಳಿಯುವುದು ನನಗೆ ಕಾಣಿಸಿತು. ಆಮೇಲೆ, ಏನು ತೋಚಿತೋ, ತಮ್ಮ ಮುಂದಿದ್ದ ಚಹಾದ ಗ್ಲಾಸನ್ನು ಎತ್ತಿ ಹಿಡಿದು ನನ್ನ ಕಡೆ ತಿರುಗಿದರು. ಕುಡಿಯಲಿಲ್ಲ. ಹಿಡಿದುಕೊಂಡೇ ಕೂತರು.

ಆ ಮಜ್ಜಿಗೆಯ ಲೋಟವೇ ಅದು. ನೀ ಕೂಗು, ಹೆಸರು ಹಿಡಿದು ಕೂಗು.

ನಾನು ಕಾನ್ವೆಂಟಿನಲ್ಲಿ ಕಲಿತವಳು, ಹೆಸರಿಗೂ ಆಯುಷ್ಯಕ್ಕೂ ಸಂಬಂಧವಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೆ ತುಂಬಿದ ಮನೆಯಲ್ಲಿ ಒಂದು ಹಿಡಿ ಅಕ್ಕಿ ಚೆಲ್ಲಿದರೆ ಯಾರೂ ಲೆಕ್ಕಕ್ಕಿಡುವುದಿಲ್ಲ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ಡಾಕ್ಟರಿಗೇ ಗೊತ್ತಿಲ್ಲದಾಗ, ಒಂದು ಕಾಳು ಚೆಲ್ಲಲಿಕ್ಕೂ ನಾನು ಯಾರು? ಅತ್ತೆಯವರ ಮುಖ ಕಣ್ಣ ಮುಂದೆ ಬಂತು. ಇವರ ಗ್ಲಾಸಿನಲ್ಲಿ ಚಹಾ ಅಂಚಿಗೆ ಬಂದು ಬಂದು ಹೋಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಅದನ್ನು ಕೆಳಗಿಡುತ್ತಾರೆ, ಇಟ್ಟರೆ ಮತ್ತೆ ಎತ್ತುವುದಿಲ್ಲ ಎಂದು ನನಗೆ ಗೊತ್ತಾಯಿತು. ಎದ್ದು ನಿಂತೆ.

“ವಸಂತ” ಎಂದೆ. ಬೆಕ್ಕಿನ ಮರಿಯ ದನಿ ಬಂತು. ವರ್ಷವರ್ಷವೂ ಕೇಳಿ ಕಲಿತಿದ್ದ ಜಪಾನಿ ಕೂಗು ಮರೆತುಹೋಯಿತು. ಮತ್ತೊಮ್ಮೆ, ಸಿಸ್ಟರ್ ಬೆನಿಟಾ ಕೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುವಷ್ಟು ಜೋರಾಗಿ ಕೂಗಿದೆ. “ವಸಂತ, ಗ್ಲಾಸು ಯಾಕ ಹಿಡಕೊಂಡ್ ಕೂತೀರಿ?”

ಆಮೇಲೆ ಮೂಲೆಯಿಂದ ಒಂದು ದನಿ, ನಮ್ಮ ಅಮೆರಿಕದ ಮಗಳ ದನಿ, ಹಾಲಿನ ಲೋಟದ ದಿನಗಳಿಂದ ಒಮ್ಮೆಯೂ ಕನ್ನಡದಲ್ಲಿ ಉತ್ತರ ಕೊಡದವಳ ದನಿ ಬಂತು: “ಕುಡಿಯೋದ್ ಇನ್ನೂ ಬಾಕಿ ಅದ, ಅದಕ ಹಿಡಕೊಂಡ್ ಕೂತೀನಿ.” ಅಷ್ಟು ಸಾಕಾಯಿತು. ತಾಳ ಎಲ್ಲರಿಗೂ ಗೊತ್ತಿದ್ದದ್ದೇ. ಹಯಾಶಿ-ಸಾನ್ ಚಪ್ಪಾಳೆ ಹಿಡಿದರು, ಎರಡೂ ಆಫೀಸಿನವರು ಜಪಾನಿಯಲ್ಲಿ ಓಗೊಟ್ಟರು, ಫುಮಿಕೋ-ಸಾನ್ ಕೂಡ. ಇವರು ಗ್ಲಾಸನ್ನು ತುಟಿಗಿಟ್ಟರು.

ಈ ಆಟದಲ್ಲಿ ಒಂದು ಗ್ಲಾಸಿಗೆ ಒಂದೇ ಗುಟುಕು, ಒಂದೇ ಕೂಗು. ಆದರೆ ಆಪರೇಷನ್ ಆದ ಗಂಟಲಿನಲ್ಲಿ ಗುಟುಕು ಬೇಗ ಇಳಿಯುವುದಿಲ್ಲ. ಇವರು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಅದು ಇಳಿಯುವವರೆಗೆ ಕಾಯಬೇಕು. ಅಷ್ಟರಲ್ಲಿ ಕೂಗು ಮುಗಿದುಹೋಯಿತು, ಗ್ಲಾಸು ಇನ್ನೂ ತುಂಬಿಯೇ ಇತ್ತು. ನಾನು ಮತ್ತೆ ಕೂಗಿದೆ. ಮತ್ತೆ ಉತ್ತರ ಬಂತು. ಮತ್ತೊಂದು ಗುಟುಕು. ಯಾರೂ ನಿಲ್ಲಿಸಲಿಲ್ಲ. ಪ್ರತಿ ಸಲವೂ ಹೆಸರು, ಪ್ರತಿ ಸಲವೂ ‘ಇನ್ನೂ ಬಾಕಿ ಅದ’. ಚಪ್ಪಾಳೆಯ ಕೈಗಳು ಕೆಂಪಾದವು, ಹೋಟೆಲಿನ ಬಾಣಸಿಗ ಹೊರಗೆ ಬಂದವನು ಒಳಗೆ ಹೋಗದೆ ತಾನೂ ತಟ್ಟಿದ. ಕಡೆಗೆ ಇವರು ಬರಿದಾದ ಗ್ಲಾಸನ್ನು ತಲೆಯ ಮೇಲೆ ಬೋರಲು ಹಿಡಿದು ತೋರಿಸಿದರು. ಹಯಾಶಿ-ಸಾನ್ ತಮ್ಮ ಟೈ ಬಿಚ್ಚಿ ಹಣೆಗೆ ಕಟ್ಟಿಕೊಂಡರು, ಮತ್ತು ಅದನ್ನು ಕಣ್ಣಿನವರೆಗೂ ಜಗ್ಗಿಕೊಂಡು ಬಹಳ ಹೊತ್ತು ಹಾಗೆಯೇ ಕೂತರು.

ವಾಪಸು ಬರುವಾಗ ಬಿಸಿಲು ಸಮುದ್ರದ ಕಡೆ ಇಳಿಯುತ್ತಿತ್ತು. ಟ್ರಾಫಿಕ್ಕು ನಿಂತಲ್ಲಿ ಇ‌ವರು ಸ್ಲೇಟು ನನ್ನ ಮುಂದೆ ಹಿಡಿದರು. “ಇಷ್ಟು ಸಲ ಹೆಸರ್ ತಗೊಂಡಿ. ಎಷ್ಟು ಕಡಿಮಿ ಆತು?”

“ಒಂದ್ ಗ್ಲಾಸು ಚಹಾದಷ್ಟು” ಎಂದೆ.

ಅವರು ಹಾಳೆ ಎತ್ತಿ ಅಳಿಸಿ, ಮತ್ತೆ ಬರೆದರು. “ಎತ್ತಿನ ಗಾಡಿ ಜರಾ ಜೋರ ಹೊಡಿ.”

ಆಮೇಲೆ ಇವರು ವಾರಕ್ಕೆ ಕೆಲವು ದಿನ ಆಫೀಸಿಗೆ ಹೋಗತೊಡಗಿದರು. ಸ್ಕ್ಯಾನು ನಡೆಯುತ್ತಿದೆ; ಪ್ರತಿ ಸಲವೂ ಡಾಕ್ಟರು ನೋಡೋಣ ಎನ್ನುತ್ತಾರೆ, ನಾವು ನೋಡುತ್ತಿದ್ದೇವೆ. ಮನೆಯಲ್ಲಿ ನನ್ನನ್ನು ಕರೆಯಲು ಇವರು ಚಪ್ಪಾಳೆ ತಟ್ಟುತ್ತಾರೆ. ಮೊದಮೊದಲು ಒಂದೇ ತಟ್ಟುತ್ತಿದ್ದರು. ನಾನು ಜಗಳ ಮಾಡಿ ಎರಡು ತಟ್ಟುವುದನ್ನು ರೂಢಿ ಮಾಡಿಸಿದೆ. ಯಾಕೆ ಎಂದು ಅವರು ಕೇಳಲಿಲ್ಲ. ಅವರೂ ಆ ಕೂಟದ ಕೊನೆಯ ಚಪ್ಪಾಳೆ ತಟ್ಟಿ ಬಂದವರೇ. ಒಂದು ಬಿತ್ತೆಂದರೆ ಮುಗಿಯಿತು, ಅದರ ಮೇಲೆ ಯಾರೂ ಮಾತು ಬೆಳೆಸುವ ಹಾಗಿಲ್ಲ. ನಮ್ಮ ಮನೆಯಲ್ಲಿ ಆ ಸದ್ದು ಬೇಡ. ಎರಡು ಚಪ್ಪಾಳೆ ಕೇಳಿದರೆ ನಾನು “ಬಂದೆ” ಎನ್ನುತ್ತೇನೆ. ಹಾಗೆ ಸಂಸಾರ ಸಾಗಿದೆ.

ಮೊನ್ನೆ ಸಂಜೆ ಚಪಾತಿ ಮಾಡುತ್ತಿದ್ದೆ. ಹೆಂಚಿನ ಮೇಲೆ ಒಂದು, ಮಣೆಯ ಮೇಲೆ ಒಂದು. ಹೊರಗಿನ ಕೋಣೆಯಿಂದ ಚಪ್ಪಾಳೆಯ ಸದ್ದು ಬಂತು. ಒಂದೇ. ಎರಡನೆಯದಕ್ಕೆ ಕಾದೆ, ಬರಲಿಲ್ಲ. ಲಟ್ಟಣಿಗೆ ಹಿಡಿದುಕೊಂಡೇ, “ವಸಂತ, ವಸಂತ” ಎಂದು ಅಕ್ಕಪಕ್ಕದ ಮನೆಯವರಲ್ಲಿ ಕ್ಷಮೆ ಕೇಳಬೇಕಾದ ದನಿಯಲ್ಲಿ ಕೂಗುತ್ತ ಓಡಿದೆ. ಇವರು ಕುರ್ಚಿಯಲ್ಲಿ ಆರಾಮವಾಗಿ ಕೂತು, ಜೋಡಿಸಿದ ಅಂಗೈಗಳನ್ನು ಮುಖದ ಮುಂದೆ ಹಿಡಿದುಕೊಂಡು, ನನ್ನನ್ನೂ ಲಟ್ಟಣಿಗೆಯನ್ನೂ ಬೆರಗಿನಿಂದ ನೋಡಿದರು. ಮೆಲ್ಲಗೆ ಅಂಗೈ ತೆರೆದರು. ಒಳಗೆ ಏನೂ ಇರಲಿಲ್ಲ. ಸ್ಲೇಟು ತೆಗೆದುಕೊಂಡು ಬರೆದರು: “ನೊಣ. ತಪ್ಪಿಸಿಕೊಂಡು ಹೋತು.”

ಒಂದು ನೊಣದ ಸಲುವಾಗಿ ಅವರ ಆಯುಷ್ಯವನ್ನು ಎರಡು ಸಲ ಖರ್ಚು ಮಾಡಿದೆನಲ್ಲ ಎಂದು ಲೆಕ್ಕ ಹಾಕುತ್ತ ನಿಂತಿದ್ದಾಗ, ಹೆಂಚಿನ ಮೇಲಿನ ಚಪಾತಿ ನೆನಪಾಗಬೇಕಿತ್ತು. ಇವರಿಗೆ ವಾಸನೆ ಬರುವುದಿಲ್ಲ, ನನಗೆ ಆ ಹೊತ್ತಿಗೆ ಮೂಗಿರಲಿಲ್ಲ. ಸೂರಿನಲ್ಲಿದ್ದ ಸ್ಮೋಕ್ ಅಲಾರ್ಮ್ ಇಡೀ ಬೀದಿಗೆ ಕೇಳುವಂತೆ ಕಿರುಚತೊಡಗಿತು. ಕೂಗಿದ್ದು ಯಾರು, ಯಾಕೆ ಎಂದು ತಿಳಿಯುವ ಮೊದಲೇ ನಾನು “ಬಂದೆ, ಬಂದೆ” ಎನ್ನುತ್ತ ಒಳಗೆ ಓಡಿದೆ.